ಮಳೆಗಾಲದ ಬಿಡುವು, ಕಡಲಾಚೆಯ ಆಟ

ಪತ್ತನಾಜೆಯ ಹೊತ್ತಿಗೆ ಕರಾವಳಿಯ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ ಅದು. ಮೇ 24ಕ್ಕೋ 25ಕ್ಕೋ ಬೀಳುತ್ತದೆ. ದೀಪಾವಳಿ ಕಳೆದ ಮೇಲೆ ದೇವಸ್ಥಾನದಲ್ಲಿ ಸೇವೆಯಾಟ ಮುಗಿಸಿ ಹೊರಟ ಮೇಳ ಸುಮಾರು ಆರು ತಿಂಗಳು, ದಿನಕ್ಕೊಂದು ಊರಿನಂತೆ, ತಿರುಗಿ ಬಂದಿರುತ್ತದೆ. ಇನ್ನು ಗದ್ದೆಯಲ್ಲಿ ನೀರು, ಬಯಲಿನಲ್ಲಿ ಕೆಸರು. ರಂಗಸ್ಥಳ ಕಟ್ಟುವ ಮಾತೇ ಇಲ್ಲ. ಉಡುಪಿ, ಕಾಪು, ಕಾರ್ಕಳ ಕಡೆಯ ಭಾಗವತರು, ವೇಷಧಾರಿಗಳು ಮುಂಬಯಿ, ದುಬೈ, ಬಹರೈನ್, ಅಮೆರಿಕ ಎಂದು ಹೊರಡುವುದು ಹೆಚ್ಚಾಗಿ ಈ ಬಿಡುವಿನಲ್ಲೇ. ಪಾಶ್ಚಾತ್ಯ ರಾಕ್ ತಂಡಗಳು ಹೊಸ ಆಲ್ಬಂ ಬಿಡುಗಡೆಯಾದಾಗ ಪ್ರವಾಸ ಹೊರಡುವ ರೂಢಿ ಇದೆ. ಯಕ್ಷಗಾನದ ದೂರದ ತಿರುಗಾಟಕ್ಕೆ ಮುಹೂರ್ತ ಇಡುವುದು ಮುಂಗಾರು.

ರಾಕ್ ಸಂಗೀತದ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಅಮೆರಿಕದಲ್ಲಿ 1965ರಿಂದ 1995ರವರೆಗೆ ಇದ್ದ ಗ್ರೇಟ್‌ಫುಲ್ ಡೆಡ್ ಎಂಬ ತಂಡದ ಅಭಿಮಾನಿಗಳಿಗೆ ಡೆಡ್‌ಹೆಡ್‌ಗಳು ಎಂದೇ ಹೆಸರಿತ್ತು. ತಂಡ ಹೋದಲ್ಲೆಲ್ಲ ಅವರೂ ಹೋಗುತ್ತಿದ್ದರು. 1978ರಲ್ಲಿ ಈಜಿಪ್ಟಿನ ಪಿರಮಿಡ್ಡುಗಳ ಬುಡದಲ್ಲಿ ತಂಡ ನುಡಿಸಿದಾಗ ಅಲ್ಲಿಗೂ ಹೋದವರಿದ್ದರು. ಒಂದೇ ಹಾಡು ಎರಡು ರಾತ್ರಿ ಒಂದೇ ತೆರನಾಗಿ ಬರುತ್ತಿರಲಿಲ್ಲ ಎಂಬುದೇ ಈ ಹುಚ್ಚಿಗೆ ಕಾರಣ. ಕೇಳುಗರು ತಂತಮ್ಮ ಯಂತ್ರ ತಂದು ಮುದ್ರಿಸಿಕೊಳ್ಳುವುದನ್ನು ತಡೆಯುವ ಬದಲು, 1984ರಲ್ಲಿ ತಂಡವೇ ಅವರಿಗೆಂದು ಸಭಾಂಗಣದಲ್ಲಿ ಪ್ರತ್ಯೇಕ ಜಾಗ ಬಿಟ್ಟುಕೊಟ್ಟಿತು. ಆಟದ ಹುಚ್ಚಿರುವ ಕರಾವಳಿಯವರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣದು. ಯಕ್ಷಗಾನದಲ್ಲಿ ಬರೆದಿಟ್ಟದ್ದು ಪ್ರಸಂಗದ ಪದ್ಯ ಮಾತ್ರ. ಪದ್ಯದ ಬೆನ್ನಿಗೆ ಕರ್ಣ ಕೃಷ್ಣನಿಗೆ ಹೇಳುವ ಮಾತು ಆ ರಾತ್ರಿ, ಆ ವೇಷಧಾರಿಯ ಬಾಯಲ್ಲಿ ಹುಟ್ಟಬೇಕು. ನಿನ್ನೆ ಬ್ರಹ್ಮಾವರದಲ್ಲಿ ನೋಡಿದ ಪ್ರಸಂಗವನ್ನೇ ಇಂದು ಹಿರಿಯಡ್ಕದಲ್ಲಿ ನೋಡಲು ಬೈಕ್ ಹತ್ತುವವನ ಲೆಕ್ಕ ಇಷ್ಟೇ: ಎದುರು ವೇಷ ಬೇರೆ, ಹಾಗಾಗಿ ಮಾತೂ ಬೇರೆ.

ಅಭಿಮಾನಿಗಳ ಈ ಲೋಕಕ್ಕೆ ಉಡುಪಿ ಒಂದು ಗಡಿಯೂ ಹೌದು. ಯಕ್ಷಗಾನದಲ್ಲಿ ತೆಂಕು, ಬಡಗು ಎಂಬ ಎರಡು ತಿಟ್ಟುಗಳಿವೆ. ಸಾಮಾನ್ಯವಾಗಿ ಉಡುಪಿಯಿಂದ ತೆಂಕಣಕ್ಕೆ ತೆಂಕುತಿಟ್ಟು, ಬಡಗಣಕ್ಕೆ ಬಡಗುತಿಟ್ಟು ಎನ್ನುತ್ತಾರೆ. ಕಾಪು, ಕಾರ್ಕಳದ ಕಡೆ ಕಿರೀಟದ ವೇಷ, ಅಬ್ಬರದ ಚೆಂಡೆ, ಬಣ್ಣದ ವೇಷದ ಆರ್ಭಟ. ಬ್ರಹ್ಮಾವರ ದಾಟಿ ಕೋಟ, ಕುಂದಾಪುರದ ಕಡೆ ಹೋದರೆ ಮುಂಡಾಸು, ಕೇದಗೆ ಮುಂದಲೆ, ಬೇರೆಯದೇ ಹೆಜ್ಜೆ. ನಡುವಿನ ಉಡುಪಿಯವರಿಗೆ ಎರಡೂ ಬೇಕು, ಎರಡರ ಮೇಲೂ ಟೀಕೆ ಇದೆ. ಎಲ್ಲಿ ಯಾವ ಮೇಳದ ಆಟ ಎಂಬ ಪಟ್ಟಿ ಪತ್ರಿಕೆಯಲ್ಲಿ ದಿನವೂ ಬರುವ ಜಿಲ್ಲೆ ಇದು. 1970ರಲ್ಲಿ ಮಣಿಪಾಲದಲ್ಲಿ ಆರಂಭವಾದ ಉದಯವಾಣಿಯನ್ನು ಕೈಗೆತ್ತಿಕೊಂಡವರಲ್ಲಿ ಮೊದಲು ಆ ಪಟ್ಟಿಗೆ ಕಣ್ಣು ಹಾಯಿಸುವವರು ಕಡಿಮೆಯಿಲ್ಲ.

ಮೇಳಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮಂದಾರ್ತಿ, ಮಾರಣಕಟ್ಟೆ, ಕಟೀಲಿನಂಥ ದೇವಸ್ಥಾನದ ಮೇಳಗಳು ಹರಕೆ ಹೊತ್ತವರ ಮನೆಯಂಗಳದಲ್ಲೋ ಗದ್ದೆಯಲ್ಲೋ ಆಡುತ್ತವೆ. ಖರ್ಚು ಹರಕೆಯವರದ್ದು, ನೋಟ ಊರಿಗೆಲ್ಲ ಪುಕ್ಕಟೆ. ಹರಕೆ ಹೇಳಿಕೊಂಡವರ ಸರತಿ ವರ್ಷಗಟ್ಟಲೆ ಉದ್ದವಿರುತ್ತದೆ. ಸಾಲಿಗ್ರಾಮ, ಪೆರ್ಡೂರಿನಂಥ ಟೆಂಟ್ ಮೇಳಗಳದ್ದು ಟಿಕೆಟ್ ವ್ಯವಹಾರ. ಜನ ಬಂದರೆ ಗಲ್ಲಾ ತುಂಬುತ್ತದೆ, ಬಾರದಿದ್ದರೆ ಯಜಮಾನರಿಗೆ ನಷ್ಟ. ತಾರೆಗಳು ಹುಟ್ಟಿದ್ದು ಹೆಚ್ಚಾಗಿ ಈ ಎರಡನೆಯ ಬಗೆಯಲ್ಲಿ, ಏಕೆಂದರೆ ಇಲ್ಲಿ ಹೆಸರಿಗೇ ಟಿಕೆಟ್ ಹರಿಯಬೇಕು. ಪಕ್ಕಪಕ್ಕದಲ್ಲಿ ಎರಡು ರಂಗಸ್ಥಳ ಹಾಕಿ ಎರಡು ಮೇಳಗಳು ಒಂದೇ ಪ್ರಸಂಗವನ್ನು ಏಕಕಾಲಕ್ಕೆ ಆಡುವ ಜೋಡಾಟವಂತೂ ಅಭಿಮಾನಿಗಳ ಜಾತ್ರೆಯೇ. ಯಾವ ಕಡೆಯ ಚೆಂಡೆಗೆ ಜನ ವಾಲಿದರು, ಯಾವ ಕಡೆಯ ವೇಷಕ್ಕೆ ಶಿಳ್ಳೆ ಬಿತ್ತು ಎಂಬ ವಾದ ಹೋಟೆಲಿನ ಮೇಜಿನ ಮೇಲೆ ವಾರಗಟ್ಟಲೆ ಉಳಿಯುತ್ತಿತ್ತು.

ಟೆಂಟ್ ಮೇಳದ ಕಾಲದಲ್ಲಿ ಈ ಅಭಿಮಾನ ತುದಿ ಮುಟ್ಟಿದ್ದು ಗುಂಡ್ಮಿ ಕಾಳಿಂಗ ನಾವಡರ ವಿಷಯದಲ್ಲಿ. 1958ರಲ್ಲಿ ಹುಟ್ಟಿದ ಅವರು ಸಾಲಿಗ್ರಾಮ ಮೇಳದ ಭಾಗವತರಾಗಿ ಬಡಗಿನ ಹಾಡುಗಾರಿಕೆಯ ದಾರಿಯನ್ನೇ ತಿರುಗಿಸಿದರು. ಹಿಂದೂಸ್ತಾನಿ ರಾಗಗಳ ಛಾಯೆ ತಂದರು; 'ನಾಗಶ್ರೀ'ಯಂಥ ಹೊಸ ಪ್ರಸಂಗವನ್ನು ತಾವೇ ಬರೆದು ಗೆಲ್ಲಿಸಿದರು. ಅಲ್ಲಿಯವರೆಗೆ ಆಟ ವೇಷಧಾರಿಯ ಹೆಸರಿನಲ್ಲಿ ನಡೆಯುತ್ತಿತ್ತು. ಭಾಗವತನೊಬ್ಬನ ಹಾಡು ಕೇಳಲೆಂದೇ ಟಿಕೆಟ್ ತೆಗೆಯುವ ಜನಸ್ತೋಮ ಸೃಷ್ಟಿಯಾದದ್ದರಲ್ಲಿ ಅವರ ಪಾಲು ದೊಡ್ಡದು. 1990ರ ಮೇ ತಿಂಗಳಲ್ಲಿ, ಮೂವತ್ತೆರಡು ತುಂಬುವ ಮೊದಲೇ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ದನಿಯ ಕ್ಯಾಸೆಟ್ಟುಗಳು ಆಮೇಲೂ ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ತಿರುಗಿದವು. ಅವನ್ನು ಕೇಳಿಯೇ ಕಲಿತು 'ನಾವಡರ ಶೈಲಿ'ಯಲ್ಲಿ ಹಾಡುವ ಒಂದು ತಲೆಮಾರು ಬಂತು. ಮುಂಬಯಿಗೂ ಕೊಲ್ಲಿ ದೇಶಗಳಿಗೂ ಕೆಲಸಕ್ಕೆ ಹೊರಟವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಹಪ್ಪಳದ ಜೊತೆ ಆಟದ ಕ್ಯಾಸೆಟ್ ಇರುತ್ತಿದ್ದ ಕಾಲ ಅದು. ಕಡಲು ದಾಟುವುದರಲ್ಲಿ ಕಲಾವಿದರಿಗಿಂತ ದನಿ ಮುಂದಿತ್ತು.

ಯಕ್ಷಗಾನಕ್ಕೆ ಪರಸ್ಥಳದ ತಿರುಗಾಟ ಹೊಸದಲ್ಲ. ಹೊನ್ನಾವರದ ಕಡೆಯ ಕರ್ಕಿಯ ಮೇಳವೊಂದು 1842ರಲ್ಲಿ ಘಟ್ಟ ಹತ್ತಿ ಸಾಂಗ್ಲಿಗೆ ಹೋಗಿ ಅಲ್ಲಿನ ಸಂಸ್ಥಾನದಲ್ಲಿ ಆಡಿತು. ಅದನ್ನು ಕಂಡ ಸಾಂಗ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲೂ ಇಂಥದ್ದು ಬೇಕೆಂದು ವಿಷ್ಣುದಾಸ ಭಾವೆಯವರನ್ನು ಹುರಿದುಂಬಿಸಿದರು. 1843ರಲ್ಲಿ ಭಾವೆಯವರ 'ಸೀತಾ ಸ್ವಯಂವರ' ರಂಗಕ್ಕೆ ಬಂತು. ಮರಾಠಿ ರಂಗಭೂಮಿಯ ಚರಿತ್ರೆ ಸಾಮಾನ್ಯವಾಗಿ ಅಲ್ಲಿಂದ ಆರಂಭವಾಗುತ್ತದೆ. ಬೇರೆ ಭಾಷೆಯ ನಾಡಿಗೆ ಹೋದ ಒಂದು ತಿರುಗಾಟದಿಂದ ಇಷ್ಟು ದೊಡ್ಡ ಪರಿಣಾಮ ಆದದ್ದಕ್ಕೆ ಎರಡನೆಯ ಉದಾಹರಣೆ ಹುಡುಕಲು ಹೋದರೆ ಕಷ್ಟ.

ಹೊರನಾಡಿಗೆ ಹೋಗುವ ತಂಡದ ಗಾತ್ರಕ್ಕೂ ಊರಿನಲ್ಲೇ ಒಂದು ಮಾದರಿ ಇದೆ. ಮಳೆಗಾಲದ ಸಂಜೆಗಳಲ್ಲಿ ಉಡುಪಿ, ಕಾರ್ಕಳದ ಕಡೆ ಮನೆಮನೆಗೆ ಬರುವ ಚಿಕ್ಕಮೇಳವನ್ನು ನೋಡದವರು ಕಡಿಮೆ. ಒಬ್ಬ ಭಾಗವತ, ಮದ್ದಳೆ, ಚೆಂಡೆ, ಒಂದು ಸ್ತ್ರೀವೇಷ, ಒಂದು ಪುರುಷವೇಷ, ಇಷ್ಟೇ ಮಂದಿ. ದೀಪದ ಎದುರು ಕಾಲು ಗಂಟೆ ಕುಣಿದು, ಅಕ್ಕಿ, ಕಾಯಿ, ಕಾಣಿಕೆ ಸ್ವೀಕರಿಸಿ ಮುಂದಿನ ಮನೆಗೆ ನಡೆಯುತ್ತಾರೆ. ನಾಲ್ಕೈದು ಜನ ಸೇರಿದರೂ ಕತೆಯೊಂದನ್ನು ನಿಲ್ಲಿಸಬಹುದು ಎಂಬ ಧೈರ್ಯ ಯಕ್ಷಗಾನಕ್ಕೆ ಮೊದಲಿನಿಂದ ಇದೆ. ಅಡುಗೆಯವರು, ರಂಗಸ್ಥಳ ಕಟ್ಟುವವರು, ದೀಪದವರು ಎಲ್ಲ ಸೇರಿ ನಲವತ್ತರ ಸುತ್ತಮುತ್ತ ಇರುವ ಮೇಳವನ್ನು ವಿಮಾನ ಹತ್ತಿಸುವುದು ಯಾರಿಂದಲೂ ಆಗದು. ಎಂಟು ಹತ್ತು ಜನರ ತಂಡಕ್ಕೆ ಟಿಕೆಟ್ ಹೊಂದಿಸಬಹುದು. ಅಮೆರಿಕಕ್ಕೆ ಹೋಗುವ ತಂಡವನ್ನು ದೊಡ್ಡದಾದ ಚಿಕ್ಕಮೇಳ ಎಂದರೆ ತಪ್ಪಾಗದು.

ಮೊದಲ ದೂರದ ನಿಲ್ದಾಣ ಮುಂಬಯಿ. ಹೋಟೆಲು, ಬ್ಯಾಂಕು, ಗಿರಣಿ, ಬಂದರುಗಳಲ್ಲಿ ದುಡಿಯಲು ಹೋದ ಕರಾವಳಿಯವರು ಅಲ್ಲೇ ಮಂಡಳಿಗಳನ್ನು ಕಟ್ಟಿಕೊಂಡರು. ಊರಿನ ಮೇಳಗಳನ್ನೂ ಕರೆಸಿದರು. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಗೆಜ್ಜೆ ಕಟ್ಟಿದವರ ಸಂಖ್ಯೆ ಸಣ್ಣದಲ್ಲ. ಕಾರ್ಕಳ ಬಳಿಯ ಊರಿನ ಹೆಸರನ್ನು ಹೊತ್ತ ಅಜೆಕಾರು ಕಲಾಭಿಮಾನಿ ಬಳಗ ಮಳೆಗಾಲದಲ್ಲಿ ಮುಂಬಯಿಯ ಉದ್ದಗಲಕ್ಕೂ ತಾಳಮದ್ದಳೆಯ ಸರಣಿಯನ್ನು ನಡೆಸಿಕೊಂಡು ಬಂದಿದೆ. ಕಲಾವಿದರ ತಂಡವೊಂದು ಪ್ರವಾಸ ಏರ್ಪಡಿಸಿ ಅಭಿಮಾನಿಗಳನ್ನು ಹುಡುಕುವುದಲ್ಲ, ಅಭಿಮಾನಿಗಳ ಬಳಗವೇ ಪ್ರವಾಸ ಏರ್ಪಡಿಸಿ ಕಲಾವಿದರನ್ನು ಬರಮಾಡಿಕೊಳ್ಳುವುದು. ಈ ಪದ್ಧತಿ ಮುಂದೆ ದುಬೈಯಲ್ಲೂ ಅಮೆರಿಕದಲ್ಲೂ ಹಾಗೆಯೇ ಮುಂದುವರಿಯಿತು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಸಂಜೆ ಉಡುಪಿಯಲ್ಲಿ ರೈಲು ಹತ್ತಿದ ತಾಳಮದ್ದಳೆಯ ಅರ್ಥಧಾರಿ ಮರುದಿನ ಮುಂಬಯಿಯಲ್ಲಿ ಅರ್ಥ ಹೇಳುವುದು ಸಲೀಸಾಯಿತು.

ವಿದೇಶದ ಕತೆ ಇದಕ್ಕಿಂತ ಸಂಪೂರ್ಣ ಬೇರೆಯಾದ ಬಾಗಿಲಿನಿಂದ ಆರಂಭವಾಯಿತು. 1971ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ತಲೆಯೆತ್ತಿತು. ಅದರ ಹಿಂದೆ ಇದ್ದವರು ಆ ಕಾಲೇಜಿನ ಪ್ರಾಂಶುಪಾಲ ಕು.ಶಿ. ಹರಿದಾಸ ಭಟ್ಟರು ಮತ್ತು ಕೋಟ ಶಿವರಾಮ ಕಾರಂತರು. ಕಾರಂತರು ಆಗಲೇ ದಶಕಗಳಿಂದ ಯಕ್ಷಗಾನದ ಹಿಂದೆ ಬಿದ್ದವರು. 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು. ಕೇಂದ್ರದಲ್ಲಿ ನೀಲಾವರ ರಾಮಕೃಷ್ಣಯ್ಯ, ಮಟಪಾಡಿ ವೀರಭದ್ರ ನಾಯಕ್, ಹಿರಿಯಡ್ಕ ಗೋಪಾಲ ರಾವ್ ಅವರಂಥ ಗುರುಗಳಿದ್ದರು. ಅಲ್ಲಿ ಬೆಳೆದ ಕಲಾವಿದರನ್ನು ಕಟ್ಟಿಕೊಂಡು ಕಾರಂತರು ಯಕ್ಷಗಾನ ಬ್ಯಾಲೆಯನ್ನು ರೂಪಿಸಿದರು. ತಂಡಕ್ಕೆ ಯಕ್ಷರಂಗ ಎಂದು ಹೆಸರಾಯಿತು.

ಹೊರದೇಶದ ಪ್ರೇಕ್ಷಕನಿಗೆ ಕನ್ನಡ ಬಾರದು, ರಾತ್ರಿಯಿಡೀ ಕೂರುವ ರೂಢಿ ಅವನಿಗಿಲ್ಲ. ಕಾರಂತರು ಮಾತನ್ನು ಪೂರ್ತಿ ತೆಗೆದುಹಾಕಿದರು; ಬೆಳಗಿನವರೆಗಿನ ಆಟವನ್ನು ಎರಡು ಗಂಟೆಯ ಆಸುಪಾಸಿಗೆ ತಂದರು; ಕತೆ ಹೇಳುವ ಭಾರವನ್ನೆಲ್ಲ ಹಾಡು, ಕುಣಿತ, ಮುಖಭಾವಗಳ ಮೇಲೆ ಹೊರಿಸಿದರು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನ್ ಬಂದವು. 'ಅಭಿಮನ್ಯು ವಧೆ', 'ನಳ ದಮಯಂತಿ', 'ಪಂಚವಟಿ', 'ಚಿತ್ರಾಂಗದಾ' ಈ ರೂಪದಲ್ಲಿ ಸಿದ್ಧವಾದವು. ಎಂಬತ್ತರ ಆಸುಪಾಸಿನ ವಯಸ್ಸಿನಲ್ಲೂ ಕಾರಂತರು ತಂಡದೊಂದಿಗೆ ದೇಶ ಸುತ್ತಿದರು. ಊರಿನಲ್ಲಿ ಇದಕ್ಕೆ ಸಿಕ್ಕಿದ ಸ್ವಾಗತ ಮಿಶ್ರವಾಗಿತ್ತು. ಸ್ಯಾಕ್ಸೋಫೋನಿಗೆ ಯಕ್ಷಗಾನದಲ್ಲಿ ಏನು ಕೆಲಸ ಎಂದವರಿದ್ದರು. ಮಾತಿಲ್ಲದ ಆಟ ಉಪ್ಪಿಲ್ಲದ ಊಟ ಎಂದವರೂ ಇದ್ದರು. ಅವರ ದೂರು ಸುಳ್ಳಾಗಿರಲಿಲ್ಲ, ಆದರೆ ಬರ್ಲಿನ್ನಿನಲ್ಲಿ ಕೂತವನಿಗೆ ಕುಂದಾಪುರ ಕನ್ನಡದ ಹಾಸ್ಯ ದಾಟಿಸುವ ಬೇರೆ ಉಪಾಯವೂ ಇರಲಿಲ್ಲ. ಇನ್ನೊಂದು ಮಾತನ್ನೂ ಗಮನಿಸಬೇಕು: ವೇಷಭೂಷಣದ ವಿಷಯದಲ್ಲಿ ಕಾರಂತರು ಟೆಂಟ್ ಮೇಳಗಳಿಗಿಂತ ಹೆಚ್ಚು ಸಂಪ್ರದಾಯಸ್ಥರಾಗಿದ್ದರು. ಮಿನುಗುವ ಬಟ್ಟೆಗಳನ್ನು ಬಿಟ್ಟು ಹಳೆಯ ಬಣ್ಣ, ಹಳೆಯ ಕಟ್ಟುಗಳಿಗೆ ಮರಳಬೇಕೆಂದು ಹಟ ಹಿಡಿದವರು ಅವರೇ.

ಇದೇ ಹೊತ್ತಿಗೆ ವಿದೇಶದ ಅಭಿಮಾನಿಗಳು ಉಡುಪಿಗೂ ಬರತೊಡಗಿದರು. ಅಮೆರಿಕದ ಮಾರ್ತಾ ಆಷ್ಟನ್ ಎಪ್ಪತ್ತರ ದಶಕದ ಹೊಸ್ತಿಲಲ್ಲಿ ಇಲ್ಲಿಗೆ ಬಂದು ಹಿರಿಯಡ್ಕ ಗೋಪಾಲ ರಾಯರ ಬಳಿ ಬಡಗುತಿಟ್ಟನ್ನು ಕಲಿತರು, ವೇಷ ಕಟ್ಟಿ ರಂಗಕ್ಕೂ ಬಂದರು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಈ ವಿಷಯದ ಮೇಲೆ ಡಾಕ್ಟರೇಟ್ ಪಡೆದರು. ಬ್ರೂಸ್ ಕ್ರಿಸ್ಟಿ ಅವರೊಡನೆ ಬರೆದ ಅವರ ಇಂಗ್ಲಿಷ್ ಪುಸ್ತಕ 1977ರಲ್ಲಿ ಪ್ರಕಟವಾಯಿತು. ಹೊರಗಿನ ವಿದ್ವಾಂಸರಿಗೆ ಬಹುಕಾಲ ಅದೇ ದಾರಿದೀಪ. ಗೋಪಾಲ ರಾಯರೂ ಅಮೆರಿಕಕ್ಕೆ ಹೋಗಿ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಪ್ರಾತ್ಯಕ್ಷಿಕೆ ಕೊಟ್ಟು ಬಂದರು. ಏರುಶ್ರುತಿಯ ಮದ್ದಳೆಯನ್ನು ಬಡಗಿಗೆ ತಂದ ಆ ಹಿರಿಯರು ನೂರು ವರ್ಷ ದಾಟಿ ಬಾಳಿ 2020ರಲ್ಲಿ ತೀರಿಕೊಂಡರು. ಮುಂದೆ ಕೇಂದ್ರದ ಹೊಣೆ ಹೊತ್ತ ಬನ್ನಂಜೆ ಸಂಜೀವ ಸುವರ್ಣರು ಕಾರಂತರ ತಂಡದಲ್ಲಿ ಕುಣಿದು ಬೆಳೆದವರು, ಅನೇಕ ದೇಶಗಳಲ್ಲಿ ಆಡಿದವರು. ಇಂದ್ರಾಳಿಯಲ್ಲಿರುವ ಆ ಕೇಂದ್ರದಲ್ಲಿ ಗುರುಕುಲದ ಹಾಗೆ ಮಕ್ಕಳು ಉಳಿದು ಕಲಿಯುತ್ತಾರೆ. ವಿದೇಶದ ವಿದ್ಯಾರ್ಥಿಗಳೂ ಅಲ್ಲಿಗೆ ಬಂದು ಕಲಿತದ್ದುಂಟು.

ಕಾರಂತರ ಕಾಲದ ಪ್ರವಾಸವೂ ಇಂದಿನ ಪ್ರವಾಸವೂ ಒಂದೇ ಎಂದು ತಿಳಿಯುವುದು ತಪ್ಪು. ಯಕ್ಷರಂಗದ ಎದುರು ಕೂತವರು ಯಕ್ಷಗಾನವನ್ನು ಮೊದಲ ಸಲ ನೋಡುವವರು. ಅವರನ್ನು ಕರೆತಂದದ್ದು ಉತ್ಸವಗಳು, ವಿಶ್ವವಿದ್ಯಾಲಯಗಳು, ಸರಕಾರದ ಸಾಂಸ್ಕೃತಿಕ ವಿನಿಮಯ. ಈಗ ದುಬೈಯಲ್ಲೋ ದೋಹಾದಲ್ಲೋ ಕುರ್ಚಿ ತುಂಬುವವರು ಶಿರ್ವ, ಬೆಳ್ಮಣ್, ಹೆಬ್ರಿ, ಕೋಟದವರು. ಅವರಿಗೆ ಆಟದಲ್ಲಿ ಬೇಕಾದದ್ದೇ ಮಾತು. ಕಾರಂತರು ತೆಗೆದು ಇಟ್ಟದ್ದನ್ನೇ ಇವರು ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ. ವೇಷವೇ ಇಲ್ಲದೆ ಕೂತು ಬರೀ ಮಾತಿನಲ್ಲಿ ಕತೆ ಬೆಳೆಸುವ ತಾಳಮದ್ದಳೆ ಹೊರದೇಶದಲ್ಲಿ ನಡೆಯುತ್ತದೆ ಎಂಬುದೇ ಇದಕ್ಕೆ ಸಾಕ್ಷಿ. ಕೊಂಡೊಯ್ಯಲು ಅದರಷ್ಟು ಹಗುರವಾದದ್ದು ಇನ್ನೊಂದಿಲ್ಲ. ಕನ್ನಡ ಬಾರದವರ ಎದುರು ಅದರಷ್ಟು ನಿರುಪಯೋಗಿಯೂ ಇನ್ನೊಂದಿಲ್ಲ.

ಕೊಲ್ಲಿ ದೇಶಗಳಲ್ಲಿ ಆಟಕ್ಕೆ ಅನುಕೂಲ ಹೆಚ್ಚು. 2006ರಲ್ಲಿ ಮಂಗಳೂರಿನ ಬಜ್ಪೆಯಿಂದ ದುಬೈಗೆ ನೇರ ವಿಮಾನ ಬಂದ ಮೇಲೆ ಊರಿಗೂ ಅಲ್ಲಿಗೂ ಬೆಂಗಳೂರಿನ ರಾತ್ರಿ ಬಸ್ಸಿಗಿಂತ ಕಡಿಮೆ ಹೊತ್ತು. ವಾರದ ರಜೆಯ ದಿನಕ್ಕೆ ಆಟ ಹೊಂದಿಸಿದರಾಯಿತು. ಹಿಂದೆ ಅದು ಶುಕ್ರವಾರ. 2022ರಲ್ಲಿ ಸಂಯುಕ್ತ ಅರಬ್ ಸಂಸ್ಥಾನ ಶನಿವಾರ, ಭಾನುವಾರಗಳಿಗೆ ರಜೆ ಬದಲಿಸಿದ ಮೇಲೆ ಅಲ್ಲಿನ ಆಟದ ದಿನವೂ ಬದಲಾಯಿತು. ದುಬೈಯ ಯಕ್ಷಗಾನ ಅಭ್ಯಾಸ ಕೇಂದ್ರದಲ್ಲಿ ಅಲ್ಲಿ ನೆಲೆಸಿದ ಕುಟುಂಬಗಳ ಮಕ್ಕಳು, ದೊಡ್ಡವರು ಹೆಜ್ಜೆ ಕಲಿತು ತಾವೇ ವೇಷ ಮಾಡುತ್ತಾರೆ. ಊರಿನಿಂದ ಭಾಗವತರನ್ನೂ ಮದ್ದಳೆ ಚೆಂಡೆಯವರನ್ನೂ ಕೆಲವು ಅತಿಥಿ ವೇಷಧಾರಿಗಳನ್ನೂ ಕರೆಸಿಕೊಳ್ಳುತ್ತಾರೆ. ರಾಕ್ ತಂಡದ ಅಭಿಮಾನಿ ವೇದಿಕೆಯ ಕೆಳಗೆ ನಿಲ್ಲುತ್ತಾನೆ. ಇಲ್ಲಿ ಅಭಿಮಾನಿಯೇ ಬಣ್ಣ ಹಚ್ಚಿಕೊಂಡು ತನ್ನ ಮೆಚ್ಚಿನ ಭಾಗವತನ ಪದ್ಯಕ್ಕೆ ಕುಣಿಯಬಹುದು. ಕಚೇರಿಯಲ್ಲಿ ಲೆಕ್ಕ ಬರೆಯುವವನಿಗೆ ಒಂದು ಸಂಜೆ ದೇವೇಂದ್ರನಾಗುವ ಭಾಗ್ಯ.

ಅಮೆರಿಕದ್ದು ಬೇರೆ ಲೆಕ್ಕ. ದೂರ ಹೆಚ್ಚು, ಜನ ಚದುರಿದ್ದಾರೆ. 2000ದಲ್ಲಿ ಹ್ಯೂಸ್ಟನ್ನಿನಲ್ಲಿ ಆರಂಭವಾದ ಅಕ್ಕ ವಿಶ್ವ ಕನ್ನಡ ಸಮ್ಮೇಳನದಂಥ ವೇದಿಕೆಗಳು, ಊರೂರಿನ ಕನ್ನಡ ಕೂಟಗಳು, ದೇವಸ್ಥಾನಗಳು ಇದ್ದುದರಿಂದ ತಂಡಕ್ಕೆ ಒಂದರ ಹಿಂದೊಂದು ನಗರ ಹೊಂದುತ್ತದೆ. 2023ರಲ್ಲಿ ಪಾವಂಜೆ ಮೇಳದ ಭಾಗವತ ಪಟ್ಲ ಸತೀಶ್ ಶೆಟ್ಟಿ ಮತ್ತು ಸಂಗಡಿಗರು ಮಳೆಗಾಲದಲ್ಲಿ ಅಲ್ಲಿನ ಹಲವು ನಗರಗಳನ್ನು ಸುತ್ತಿದರು. ಇಂಥ ಪ್ರವಾಸದಲ್ಲಿ ಆಟ ಸಾಮಾನ್ಯವಾಗಿ ಶನಿವಾರ, ಭಾನುವಾರ. ನಡುವಿನ ದಿನಗಳಲ್ಲಿ ಮಕ್ಕಳಿಗೆ ಶಿಬಿರ, ಪ್ರಾತ್ಯಕ್ಷಿಕೆ, ಮುಂದಿನ ಊರಿಗೆ ಕಾರು ಪ್ರಯಾಣ. ಉಳಿಯುವುದು ಅಭಿಮಾನಿಗಳ ಮನೆಯಲ್ಲಿ, ಊಟ ಗಂಜಿ ಚಟ್ನಿಯಿಂದ ಕೋರಿ ರೊಟ್ಟಿಯವರೆಗೆ. ಬೇರೆಲ್ಲೂ ಇಲ್ಲದ ಸಂಸ್ಕೃತಿಯ ಕಲಾವಿದರಿಗೆಂದು ಅಮೆರಿಕ ಪಿ-3 ಎಂಬ ವೀಸಾ ಇಟ್ಟಿದೆ. ಚೌಕಿಯಲ್ಲಿ ಮುಂಡಾಸು ಕಟ್ಟಿಕೊಳ್ಳುವವನ ಕಲೆ ಅನನ್ಯವೆಂದು ಕಾಗದದ ಮೂಲಕ ಸಾಬೀತು ಮಾಡುವ ಕೆಲಸವೂ ಕರೆಸಿಕೊಳ್ಳುವವರದ್ದೇ.

ರಾಕ್ ತಂಡದ ಹಿಂದೆ ಲಾರಿಗಳ ಸಾಲು ಹೋಗುತ್ತದೆ. ಯಕ್ಷಗಾನದ ತಂಡಕ್ಕೆ ತಲೆಗೆ ಇಷ್ಟು ಕಿಲೋ ಎಂಬ ವಿಮಾನದ ತೂಕವೇ ಮಿತಿ. ಭುಜಕೀರ್ತಿ, ಎದೆಕಟ್ಟು, ಕಿರೀಟಗಳನ್ನು ಹಗುರ ಮರದಲ್ಲಿ ಕೆತ್ತಿ ಬೇಗಡೆ ಅಂಟಿಸುವ ಹಳೆಯ ಕ್ರಮ ಇಲ್ಲಿ ವರವಾಗುತ್ತದೆ. ಬಡಗಿನ ಮುಂಡಾಸಿಗಂತೂ ಪೆಟ್ಟಿಗೆಯೇ ಬೇಡ. ಪ್ರತಿ ಆಟಕ್ಕೂ ಅದನ್ನು ಬಟ್ಟೆ, ಜರಿಪಟ್ಟಿಗಳಿಂದ ಹೊಸದಾಗಿ ಕಟ್ಟಬೇಕು, ಮುಗಿದ ಮೇಲೆ ಬಿಚ್ಚಿ ಮಡಚಬಹುದು. ತೊಂದರೆ ಕೊಡುವುದು ವಾದ್ಯಗಳು. ಚೆಂಡೆ, ಮದ್ದಳೆಗಳ ತೊಗಲು ಕರಾವಳಿಯ ತೇವಕ್ಕೆ ಒಗ್ಗಿದ್ದು. ಹವಾನಿಯಂತ್ರಿತ ಸಭಾಂಗಣದ ಒಣ ಗಾಳಿಯಲ್ಲಿ ಅದು ಬಿಗಿದು ಶ್ರುತಿ ಏರುತ್ತದೆ. ಭಾಗವತರ ಶ್ರುತಿಗೆ ಮತ್ತೆ ಮತ್ತೆ ಹೊಂದಿಸುತ್ತ ಕೂರಬೇಕು. ಬೆಂಕಿಯದ್ದು ಇನ್ನೊಂದು ಕಷ್ಟ. ತೆಂಕುತಿಟ್ಟಿನ 'ದೇವಿ ಮಹಾತ್ಮೆ'ಯಲ್ಲಿ ಮಹಿಷಾಸುರ ಬರುವುದು ಪ್ರೇಕ್ಷಕರ ನಡುವಿನಿಂದ, ದೊಂದಿ ಉರಿಸಿ, ರಾಳ ಎರಚಿ. ಬೆಂಕಿಗೆ ಅವಕಾಶವಿಲ್ಲದ ಸಭಾಂಗಣದಲ್ಲಿ ಆ ರಾಕ್ಷಸ ವಿದ್ಯುದ್ದೀಪದ ಕೆಂಪಿನಲ್ಲೇ ಗರ್ಜಿಸಿ ತೃಪ್ತಿಪಡಬೇಕು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದ ಜಾಗದಲ್ಲಿ ಬೆಳಗಿನವರೆಗೆ ಆಡುವುದೂ ಆಗದ ಮಾತು. ಮೂರು ಗಂಟೆಯ ಕಾಲಮಿತಿಯ ಆಟವೇ ಅಲ್ಲಿನ ನಿಯಮ. ಈಗ ಊರಿನಲ್ಲೂ ಕಾಲಮಿತಿ ಸಾಮಾನ್ಯವಾಗುತ್ತ ಬಂದಿರುವುದರಿಂದ ಕಲಾವಿದರಿಗೆ ಅದು ಹೊಸದೇನಲ್ಲ.

ಇತ್ತೀಚೆಗೆ ಜನಪ್ರಿಯವಾಗಿರುವ ಗಾನವೈಭವ ರಾಕ್ ಕಚೇರಿಗೆ ಎಲ್ಲಕ್ಕಿಂತ ಹತ್ತಿರ. ವೇಷವಿಲ್ಲ, ಕತೆಯಿಲ್ಲ, ಇಬ್ಬರು ಮೂವರು ಭಾಗವತರು, ಚೆಂಡೆ, ಮದ್ದಳೆ, ಬೇರೆ ಬೇರೆ ಪ್ರಸಂಗಗಳಿಂದ ಆಯ್ದ ಪದ್ಯಗಳು. ಇಬ್ಬರು ಭಾಗವತರು ಒಂದೇ ಪದ್ಯವನ್ನು ಸಾಲು ಸಾಲಾಗಿ ಹಂಚಿಕೊಂಡು ಒಬ್ಬರನ್ನೊಬ್ಬರು ಮೀರಿಸುವ ದ್ವಂದ್ವಕ್ಕೆ ಸಿಗುವ ಚಪ್ಪಾಳೆ ಬೇರೆ ಯಾವುದಕ್ಕೂ ಇಲ್ಲ. ನಾಲ್ಕೈದು ಜನರ ಟಿಕೆಟ್ಟಿನಲ್ಲಿ ಇಡೀ ಕಾರ್ಯಕ್ರಮ ಮುಗಿಯುವುದರಿಂದ ವಿದೇಶದ ಸಂಘಗಳಿಗೂ ಇದು ಅನುಕೂಲ. ಹಳಬರಿಗೆ ಸಮಾಧಾನವಿಲ್ಲ. ಪದ್ಯ ಇರುವುದು ಪಾತ್ರವನ್ನು ಕುಣಿಸಲಿಕ್ಕೆ, ರಾಗ ಮೆರೆಸಲಿಕ್ಕಲ್ಲ ಎಂಬುದು ಅವರ ವಾದ. ವಾದದಲ್ಲಿ ಹುರುಳಿದೆ. ರಾತ್ರಿ ಎರಡು ಗಂಟೆಗೆ, ವೀರರಸದ ಏರಿನಲ್ಲಿ, ಎದುರು ವೇಷವೊಂದು ಹೆಜ್ಜೆ ಕಾಯುತ್ತ ನಿಂತಾಗ ಬರುವ ಪದ್ಯದ ಬಿಸಿ ಸಂಜೆಯ ಬಿಡಿ ಪದ್ಯಕ್ಕೆ ಬರುವುದಿಲ್ಲ.

ಅಭಿಮಾನ ಶಿಳ್ಳೆ ಚಪ್ಪಾಳೆಗೆ ನಿಲ್ಲದೆ ಸಂಸ್ಥೆಯಾದದ್ದು ಉಡುಪಿಯ ವಿಶೇಷ. ಆದಿ ಉಡುಪಿಯ ನೆರೆಯ ಅಂಬಲಪಾಡಿಯಲ್ಲಿ 1958ರಲ್ಲಿ ಆರಂಭವಾದ ಶ್ರೀ ಲಕ್ಷ್ಮೀಜನಾರ್ದನ ಯಕ್ಷಗಾನ ಕಲಾಮಂಡಳಿ ಹವ್ಯಾಸಿಗಳ ತಂಡ. ಹಗಲು ಬೇರೆ ಉದ್ಯೋಗ ಮಾಡುವವರು ಅಲ್ಲಿ ಕಲಿತು ವೇಷ ಕಟ್ಟಿದ್ದಾರೆ. 1975ರಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗ ಪ್ರೇಕ್ಷಕರೇ ಕಟ್ಟಿದ ಸಂಸ್ಥೆ. ವರ್ಷ ವರ್ಷ ಕಲಾವಿದರಿಗೆ ಪ್ರಶಸ್ತಿ ಕೊಡುವುದರಿಂದ ಆರಂಭಿಸಿ, ಯಕ್ಷನಿಧಿಯ ಮೂಲಕ ವೃತ್ತಿ ಕಲಾವಿದರ ಕ್ಷೇಮ, ವಿದ್ಯಾಪೋಷಕ್ ಮೂಲಕ ಬಡ ವಿದ್ಯಾರ್ಥಿಗಳ ಓದು, ಮನೆಯಿಲ್ಲದವರಿಗೆ ಮನೆ, ಹೀಗೆ ಕೈ ಚಾಚುತ್ತ ಹೋಗಿದೆ. ಉಡುಪಿಯ ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಸುವ ಯೋಜನೆ ಬೇರೆ ಇದೆ. ಕಲಿತ ಮಕ್ಕಳು ವರ್ಷದ ಕೊನೆಗೆ ರಂಗವೇರುತ್ತಾರೆ. ಅವರಲ್ಲಿ ಹುಡುಗಿಯರೂ ಬಹಳ ಮಂದಿ. 2015ರಲ್ಲಿ ಸ್ಥಾಪನೆಯಾದ ಯಕ್ಷಧ್ರುವ ಪಟ್ಲ ಫೌಂಡೇಶನ್ ಇದೇ ಹಾದಿಯನ್ನು ಹೊರದೇಶಕ್ಕೂ ಚಾಚಿತು. ಕೊಲ್ಲಿ ದೇಶಗಳಲ್ಲಿ, ಅಮೆರಿಕದಲ್ಲಿ ಘಟಕಗಳು. ಅಲ್ಲಿಂದ ಬಂದ ಹಣ ಊರಿನ ಅಶಕ್ತ ಕಲಾವಿದರ ಚಿಕಿತ್ಸೆಗೆ, ಮನೆ ಕಟ್ಟಲು. ಮೇಳದಲ್ಲಿ ಆರು ತಿಂಗಳು ಮಾತ್ರ ದುಡಿಮೆ ಇರುವ ವೃತ್ತಿಯಲ್ಲಿ ಈ ನೆರವಿನ ತೂಕ ವಿದೇಶದ ಆಟದಿಂದ ಸಿಗುವ ಹೆಸರಿಗಿಂತ ಕಡಿಮೆಯದ್ದಲ್ಲ. ವಿದೇಶಕ್ಕೆ ಹೋಗುವ ಅವಕಾಶ ಸಿಗುವುದು ಹೆಸರಾದ ಕೆಲವರಿಗೆ. ಮೇಳದ ಕೋಡಂಗಿ, ಬಾಲಗೋಪಾಲ ವೇಷದ ಹುಡುಗನಿಗೆ, ನೇಪಥ್ಯದವನಿಗೆ ಮಳೆಗಾಲ ಇಂದಿಗೂ ಮಳೆಗಾಲವೇ.

ಸೋಣೆ ತಿಂಗಳು ಕಳೆದು, ನವರಾತ್ರಿ ಮುಗಿದು ಮಳೆ ಹಿಂದೆ ಸರಿಯುವಾಗ ಹೊರಗೆ ಹೋದವರೆಲ್ಲ ಊರು ಸೇರಿರುತ್ತಾರೆ. ದೀಪಾವಳಿ ಕಳೆದ ಮೇಲೆ ಒಂದೊಂದೇ ಮೇಳ ತನ್ನ ತನ್ನ ದೇವಸ್ಥಾನದ ಎದುರು ಮೊದಲ ಸೇವೆಯಾಟ ಆಡುತ್ತದೆ. ಅಮೆರಿಕದಲ್ಲಿ ಶಾಲು ಹೊದಿಸಿಕೊಂಡು ಬಂದ ಭಾಗವತರೂ ಅಂದು ದೇವರ ಎದುರಿನ ಜಾಗಟೆ ಎತ್ತಿಕೊಳ್ಳುವುದು ಅರ್ಚಕರ ಕೈಯಿಂದಲೇ. ಮರುದಿನದ ಪತ್ರಿಕೆಯಲ್ಲಿ ಪಟ್ಟಿ ಮತ್ತೆ ಆರಂಭವಾಗುತ್ತದೆ: ಮೇಳದ ಹೆಸರು, ಊರು, ಪ್ರಸಂಗ.